ರೇಷ್ಮೆ ಸುತ್ತಿದ ಗಾಳದ ಕೋಲು

ತುಮ್ಮಲಕುಂಟೆ, ಶಿಡ್ಲಘಟ್ಟ ತಾಲ್ಲೂಕು
ವಿಶ್ವಾವಸು ಸಂವತ್ಸರ, ಆಶ್ವಯುಜ ಶುದ್ಧ ಏಕಾದಶಿ, ಶುಕ್ರವಾರ

ನನ್ನ ಬೆನ್ನಿಗೆ ಬಿದ್ದ ಪ್ರೀತಿಯ ತಮ್ಮ ರಾಮಾಂಜಿನಪ್ಪನಿಗೆ, ಅಕ್ಕ ಕದಿರಮ್ಮ ಇಲ್ಲಿಂದಲೇ ತಲೆ ನೇವರಿಸಿ ಬರೆಯುವುದೇನೆಂದರೆ,

ಕೈವಾರದ ತಾತಯ್ಯನವರ ಕೃಪೆಯಿಂದ ನಾನಿಲ್ಲಿ ಸುಖವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಸಮಾಚಾರವನ್ನು ಕೇಳುವುದಕ್ಕೆ ಮೊದಲು ನಿನ್ನ ಬಲಭುಜದ ಕ್ಷೇಮವನ್ನು ಪ್ರತ್ಯೇಕವಾಗಿ ಕೇಳುತ್ತೇನೆ. ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಹತ್ತಿಸುವ ವ್ಯಾಯಾಮವನ್ನು ತಪ್ಪದೆ ಮಾಡುತ್ತಿರುವೆಯಷ್ಟೆ? ಹಿಂದೂಪುರದ ಗಾಳಿನೀರು ನಿನಗೆ ಒಗ್ಗಿದೆಯೆಂದೂ ರಾತ್ರಿ ನೋವಿಲ್ಲದೆ ನಿದ್ರಿಸುತ್ತೀಯೆಂದೂ ಶೋಭಾರಾಣಿ ಹೇಳಿದಳು. ತಂದೆಯ ವಿಷಯದಲ್ಲಿ ಮಗಳು ಹೇಳುವುದನ್ನು ನಾನು ಅರ್ಧ ನಂಬಿ, ಉಳಿದರ್ಧವನ್ನು ಹೆಂಡತಿಯಾದ ಶ್ಯಾಮಲಮ್ಮನಿಂದ ಕೇಳಿ ತಿಳಿಯುತ್ತೇನೆ. ಶ್ಯಾಮಲಮ್ಮನ ಮಂಡಿನೋವು ಹೇಗಿದೆ? ಮಗಳ ಮನೆಯ ಮಹಡಿ ಮೆಟ್ಟಿಲುಗಳನ್ನು ದಿನಕ್ಕೆ ಹತ್ತು ಬಾರಿ ಹತ್ತಿಳಿಯುವುದನ್ನು ಬಿಡಬೇಕೆಂದು ಅವಳಿಗೆ ನನ್ನ ಆಜ್ಞೆಯಾಗಿದೆಯೆಂದು ತಿಳಿಸು. ಇಂದು ಏಕಾದಶಿ, ಅಡಿಗೆಯ ಕೆಲಸವಿಲ್ಲ, ಹೊಟ್ಟೆಯೂ ಹಗುರ, ಕೈಯೂ ಬಿಡುವು. ಆದ್ದರಿಂದ ಈ ಕಾಗದ ನೀಳವಾದೀತು. ಎಲ್ಲವನ್ನೂ ಒಂದೇ ಸಲಕ್ಕೆ ಓದಲಾಗದಿದ್ದರೆ ಕಾಫಿಗೆ ಮೊದಲು ಅರ್ಧ, ಕಾಫಿಯ ತರುವಾಯ ಅರ್ಧ ಓದಿಕೋ.

ಫೋನಿನಲ್ಲಿಯೇ ಹೇಳಬಹುದಾಗಿದ್ದ ಸಂಗತಿಯನ್ನು ಕಾಗದದಲ್ಲೇಕೆ ಬರೆಯುತ್ತಿದ್ದಾಳೆಂದು ನೀನು ಕೇಳಬಹುದು. ಆ ಸಂಗತಿಯನ್ನೆತ್ತಿದರೆ ಸಾಕು, ನೀನು ಫೋನನ್ನು ಶ್ಯಾಮಲಮ್ಮನ ಕೈಗೆ ಕೊಟ್ಟು ಎದ್ದುಹೋಗುತ್ತೀಯೆ. ಕಾಗದವನ್ನಾದರೆ ಮಡಿಸಿಡಬಹುದೇ ಹೊರತು ಅದರ ಬಾಯಿ ಮುಚ್ಚಿಸುವಂತಿಲ್ಲ. ಪಿತೃಪಕ್ಷದಲ್ಲಿ ನೀನು ನನ್ನೊಡನೆ ಆಡಿದ ಮಾತು ನಿನಗೆ ನೆನಪಿರಬೇಕು. ಹಿಪ್ಪುನೇರಳೆ ಸೊಪ್ಪಿನ ಹೊರೆಯ ಸಮೇತ ಮೊಪೆಡ್ಡಿನಿಂದ ಬಿದ್ದು, ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ, ಇನ್ನು ಈ ಕೈ ಹೆಗಲಿನಿಂದ ಮೇಲಕ್ಕೆ ಏಳದೆಂದು ವೈದ್ಯರು ಹೇಳಿದ ಮೇಲೂ ನೀನು ಅಷ್ಟು ಕುಗ್ಗಿರಲಿಲ್ಲ. ಆ ದಿನ ಮಾತ್ರ ನಿನ್ನ ಧ್ವನಿ ಬೇರೆಯಾಗಿತ್ತು. "ಅಕ್ಕಯ್ಯ, ನಾ ಬರೋಷ್ಟ್ರಲ್ಲಿ ಆ ಗಾಳದ ಕೋಲೆಲ್ಲ ಯಾರ್ಗಾನ ಕೊಟ್ಬಿಡು. ಆಯುಧಪೂಜೆ ಆದ್ಮೇಲೆ ಅವು ಮನೇಲಿರ್ಬಾರ್ದು. ನನ್ ಕಣ್ಣಿಗ್ ಬೀಳ್ಬಾರ್ದು" ಎಂದೆ. ನಾನು ಆಗಲಿ ಎಂದೆ. ಆಗಲಿ ಎಂದದ್ದೇನೋ ಸರಿ, ಆದರೆ ಫೋನಿಟ್ಟ ಮೇಲೆ ದೇವರ ದೀಪಕ್ಕೆ ಎಣ್ಣೆ ಎರೆಯುತ್ತಾ ಕೆರೆಯನ್ನೇ ನೆನೆದೆ. ವರ್ಷಗಟ್ಟಲೆ ಬಿರುಕು ಬಿಟ್ಟು ಬಿದ್ದಿದ್ದ ನಮ್ಮ ಕೆರೆಗೆ ಈಗ ಕೋಡಿಯ ಮಟ್ಟಕ್ಕೆ ನೀರು ಬಂದಿದೆ. ನೀರಿಲ್ಲದ ಅಷ್ಟು ವರ್ಷವೂ ಕೋಲುಗಳನ್ನು ಒರೆಸಿ, ಎಣ್ಣೆ ಸವರಿ ಕಾದವನು, ನೀರು ಬಂದ ಮೇಲೆ ಕೋಲು ಬೇಡವೆಂದನಲ್ಲಾ ಎಂದು ಮನಸ್ಸು ಮರುಗಿತು. ಗಾಳವನ್ನು ಬಿಟ್ಟರೆ ನೀನು ಕೆರೆಯ ಏರಿಯನ್ನೂ ಬಿಡುವೆ. ಏರಿಯನ್ನು ಬಿಟ್ಟರೆ ಊರಿಗೆ ಬರುವುದಕ್ಕೂ ನಿನಗೆ ಕಾರಣ ತೋರದು. ಇದೇ ನನ್ನ ಭಯ. ಕೊಟ್ಟ ಮಾತನ್ನಂತೂ ನಡೆಸಿದ್ದೇನೆ. ಹೇಗೆ ನಡೆಸಿದೆನೆಂಬುದನ್ನು ಇನ್ನು ಕೇಳು.

ಮಾರನೆಯ ದಿನವೇ ಕೋಲುಗಳನ್ನು ಹುಡುಕಿದೆ. ನಿನ್ನ ಕೋಣೆಯ ಮೂಲೆಯಲ್ಲಿಲ್ಲ, ಅಟ್ಟದ ಮೇಲೆಯೂ ಇಲ್ಲ. ಕಡೆಗೆ ಕಂಡದ್ದು ನಿನ್ನ ಮನೆಗೂ ನನ್ನ ಮನೆಗೂ ನಡುವೆ ಇರುವ ಬಚ್ಚಲಿನಲ್ಲಿ, ಹಂಡೆ ಒಲೆಯ ನೆತ್ತಿಯ ಮೇಲೆ. ಆಸ್ಪತ್ರೆಯಿಂದ ನೇರ ನಿನ್ನನ್ನು ಮಗಳ ಮನೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿಯೂ ಶ್ಯಾಮಲಮ್ಮ ನಾಲ್ಕು ಕೋಲುಗಳನ್ನೂ ಅಲ್ಲಿ ಹಗ್ಗದಿಂದ ಸಾಲಾಗಿ ತೂಗುಹಾಕಿ ಹೋಗಿದ್ದಳು. ನಮ್ಮ ಅಮ್ಮ ಅಪ್ಪನ ಬಿದಿರು ಕೋಲುಗಳನ್ನು ಮಳೆಗಾಲಕ್ಕೆ ಮುಂಚೆ ಹೊಗೆಗೆ ಕಟ್ಟುತ್ತಿದ್ದುದನ್ನು ಅವಳು ಸೊಸೆಯಾಗಿ ಬಂದ ಹೊಸತರಲ್ಲಿ ನೋಡಿದ್ದಳಲ್ಲವೆ? ಹೊಗೆ ಕುಡಿದ ಬಿದಿರನ್ನು ಹುಳು ಮುಟ್ಟುವುದಿಲ್ಲವೆಂಬುದು ನಮ್ಮ ಮನೆಯ ವೇದವಾಕ್ಯ. ಆ ಭಕ್ತಿಯಲ್ಲಿ ಅವಳು ಬಿದಿರು ಯಾವುದು, ಅಂಗಡಿಯ ಕೋಲು ಯಾವುದು ಎಂಬ ಭೇದವನ್ನೆಣಿಸದೆ ನಾಲ್ಕಕ್ಕೂ ಸಮಾನವಾದ ಸೇವೆ ಸಲ್ಲಿಸಿದ್ದಾಳೆ. ನಾನೋ, ದಿನವೂ ಆ ಒಲೆಗೆ ಬೆಂಕಿಯಿಟ್ಟು ನಾಮಸ್ಮರಣೆ ಮಾಡುತ್ತಾ ಸ್ನಾನ ಮುಗಿಸುತ್ತಿದ್ದವಳು. ಒಂದು ದಿನವೂ ಕತ್ತೆತ್ತಿ ನೋಡಲಿಲ್ಲ. ಎರಡು ಬಿದಿರು ಕೋಲುಗಳೂ ಹೊಗೆಯಲ್ಲಿ ಮಿಂದು ಜೇನಿನ ಬಣ್ಣಕ್ಕೆ ತಿರುಗಿ, ಬೆರಳಿನಿಂದ ತಟ್ಟಿದರೆ ಟಣ್ಣೆನ್ನುವಂತಿದ್ದವು. ಒಂದರೊಳಗೊಂದು ಸೇರಿಕೊಳ್ಳುವ ಫೈಬರ್ ಕೋಲು ಬಾಗಿಲ ಕಡೆಗೆ ತನ್ನ ಚೀಲದಲ್ಲಿಯೇ ಇದ್ದುದರಿಂದ ಚೀಲ ಕಪ್ಪಾದುದನ್ನು ಬಿಟ್ಟರೆ ಬದುಕಿಕೊಂಡಿತ್ತು. ಶೋಭಾರಾಣಿ ನಿನ್ನ ಅರವತ್ತರ ಶಾಂತಿಗೆ ಉಡುಗೊರೆ ಕೊಟ್ಟ, ಎರಡು ತುಂಡಿನ ಕಾರ್ಬನ್ ಕೋಲಿನ ಗತಿ ಮಾತ್ರ ಹೇಳತೀರದು. ಕೆಳಗಿನ ತುಂಡು ಒಲೆಯ ಬಾಯಿಗೆ ಸರಿಯಾಗಿ ಮೇಲೆ ನೇತಾಡಿ, ಹಿಡಿಯ ಬಳಿ ಸೊಟ್ಟಗಾಗಿ ಸೀಳಿತ್ತು. ಮೇಲಿನ ತುಂಡು ನೆಟ್ಟಗೇ ಇದ್ದರೂ ಅಂಟು ಕರಗಿ, ದಾರ ಹಾಯುವ ಉಂಗುರಗಳೆಲ್ಲ ಮುದುಕಿಯ ಕೈಯ ಬಳೆಗಳಂತೆ ಮೇಲಕ್ಕೂ ಕೆಳಕ್ಕೂ ಜಾರಾಡುತ್ತಿದ್ದವು. ಈ ಭಾಗವನ್ನು ಶ್ಯಾಮಲಮ್ಮನಿಗೆ ಓದಿ ಹೇಳಬೇಡ. ಅವಳು ಮಾಡಿದ್ದು ಪ್ರೀತಿಯಿಂದ.

ಗಾಳದ ದಾರ ಸುತ್ತುವ ರೀಲನ್ನು ಅವಳು ಪ್ರತ್ಯೇಕವಾಗಿ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಿದ್ದಳು. ಇಡುವ ಮುನ್ನ ಅದಕ್ಕೆ ಕೊಬ್ಬರಿಯೆಣ್ಣೆಯನ್ನು ಧಾರಾಳವಾಗಿ ಎರೆದಿದ್ದಳು. ನಿನ್ನ ಗೆಳೆಯ ರಮೇಶ್‌ಬಾಬು ಅಂಚೆ ಕಚೇರಿಯಿಂದ ಮನೆಗೆ ಹೋಗುವಾಗ ಎಂದಿನಂತೆ ನನ್ನ ಯೋಗಕ್ಷೇಮ ಕೇಳಲು ಬಂದವನು ಅದನ್ನು ತಿರುಗಿಸಿ ನೋಡಿದ. ಅದು ತಿರುಗಲಿಲ್ಲ. "ಟೀಚರಮ್ಮ, ಇದ್ಕೆ ತಲೆಗ್ ಹಚ್ಚೋ ಎಣ್ಣೆ ಹಚ್ಚವ್ರೆ. ಇನ್ ಜಡೆ ಒಂದ್ ಹಾಕೋದ್ ಬಾಕಿ" ಎಂದ. ಕೊಬ್ಬರಿಯೆಣ್ಣೆ ಧೂಳಿನೊಡನೆ ಸೇರಿ ಅಂಟಾಗುತ್ತದೆಂದೂ, ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆಯನ್ನು ಹನಿಯಷ್ಟೇ ಬಿಡಬೇಕೆಂದೂ ಅವನಿಂದ ತಿಳಿದೆ. ಸಂಜೆಯೆಲ್ಲ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದರ ಹಲ್ಲುಗಳನ್ನುಜ್ಜಿದೆ. ಕಡೆಗೆ ಅದು ಗಿರ್ರನೆ ತಿರುಗಿದಾಗ, ತುಳಸಿಗೆ ದೀಪವಿಡುವುದನ್ನೂ ಮರೆತು ಅದನ್ನು ಮತ್ತೆ ಮತ್ತೆ ತಿರುಗಿಸುತ್ತಾ ಕುಳಿತಿದ್ದೆನೆಂದರೆ ನೀನು ನಗುವೆ.

ಇನ್ನು ದಾನದ ವಿಚಾರ. ದಾನವೆಂದರೆ ಕೈಗೆ ಸಿಕ್ಕವರಿಗೆ ಕೈಗೆ ಸಿಕ್ಕಿದ್ದನ್ನು ತುರುಕುವುದಲ್ಲ. ಪಾತ್ರವನ್ನರಿತು ಕೊಡಬೇಕೆಂದು ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಕನ್ನಡ ಪಾಠ ಹೇಳಿದ ನನ್ನ ನಂಬಿಕೆ. ಊಟಕ್ಕೆ ಕುಳಿತಾಗಲೆಲ್ಲ ನೀನು ಕೋಲುಗಳ ಗುಣವನ್ನು ವರ್ಣಿಸುತ್ತಿದ್ದೆ, ನಾನು ಹುಳಿಯನ್ನು ಬಡಿಸುತ್ತಾ ಕೇಳದವಳಂತೆ ಕೇಳುತ್ತಿದ್ದೆ. ಮೀನು ಮುಟ್ಟದ ನನಗೆ ಆ ವಿದ್ಯೆ ಇಷ್ಟು ಅಂಟಿಕೊಂಡಿತ್ತೆಂದು ಈಗ ತಿಳಿಯಿತು. ಕೋಲುಗಳನ್ನು ಒಂದೊಂದಾಗಿ ಕಿಟಕಿಯ ಸರಳಿಗೆ ಬಿಗಿದು, ತುದಿಗೆ ನೀರು ತುಂಬಿದ ಪೂಜೆಯ ಸಣ್ಣ ಚೊಂಬನ್ನು ಕಟ್ಟಿ, ಯಾವುದು ಎಲ್ಲಿಂದ ಬಾಗುತ್ತದೆಂದು ಪರೀಕ್ಷಿಸಿದೆ. ನೀಳವಾದ ತೆಳು ಬಿದಿರು ತುದಿಯಿಂದ ನಡುವಿನವರೆಗೆ ಗರಿಕೆಯಂತೆ ಬಳುಕಿತು. ಅದು ಜಿಲೇಬಿ, ಪಕ್ಕೆಗಳಂಥ ಚಿಕ್ಕ ಮೀನಿಗೆ. ಬಾಯಿ ಮೃದುವಾದ ಮೀನನ್ನು ಬಿರುಸಾದ ಕೋಲಿನಿಂದೆಳೆದರೆ ಗಾಳ ಹರಿದುಕೊಂಡು ಬರುತ್ತದೆಂದು ನೀನೇ ಹೇಳಿದ್ದೆ. ಮೋಟಾದ ದಪ್ಪ ಬಿದಿರು ಚೊಂಬಿಗೆ ಜಗ್ಗಲೇ ಇಲ್ಲ. ಅದು ಜೊಂಡಿನೊಳಗೆ ಅಡಗುವ ಕೊರವನೆಂಬ ಮೀನಿಗೆ. ಕೊರವನಿಗೆ ಗಾಳ ಕಚ್ಚಿದ ಮೇಲೆ ಯೋಚಿಸಲು ಅವಕಾಶ ಕೊಟ್ಟರೆ ಅದು ಜೊಂಡಿನ ಬುಡಕ್ಕೆ ಸುತ್ತಿಕೊಂಡುಬಿಡುತ್ತದೆ. ಒಂದೇ ಸೆಳೆತಕ್ಕೆ ಎತ್ತಬೇಕು. ಫೈಬರಿನದು ತುದಿಯಲ್ಲಿ ಮಾತ್ರ ಬಾಗಿತು. ಏರಿಯ ಕಲ್ಲುಕಟ್ಟಿನ ಮೇಲೆ ನಿಂತು, ಮೀನು ಕಲ್ಲಿಗೆ ಉಜ್ಜದಂತೆ ದೂರದಿಂದ ತರುವುದಕ್ಕೆ ಅದು ಯೋಗ್ಯ.

ನವರಾತ್ರಿಯ ಮೊದಲ ದಿನ ಮೂವರು ಬಂದರು: ರಮೇಶ್‌ಬಾಬು, ಹಿಂದಿನ ಬೀದಿಯ ರಾಮಲಕ್ಷ್ಮಮ್ಮ, ತೋಟದ ಚೆನ್ನರಾಯಪ್ಪ. ಕೋಲು ಕೊಡುವುದು ಆಯುಧಪೂಜೆಯಾದ ಮೇಲೆಯೇ, ಆದರೆ ಯಾರಿಗೆ ಯಾವುದೆಂದು ಈಗಲೇ ನಿರ್ಣಯಿಸುತ್ತೇನೆಂದು ಹೇಳಿದೆ. ಚೆನ್ನರಾಯಪ್ಪನ ಕಣ್ಣು ಹೊಳೆಯುವ ಫೈಬರ್ ಕೋಲಿನ ಮೇಲಿತ್ತು. ಅವನ ಸಿಟ್ಟು ನಿನಗೆ ಗೊತ್ತು. ಬೆಂಡು ಮುಳುಗಿದೊಡನೆ ಹಸುವಿನ ಹಗ್ಗ ಜಗ್ಗುವಂತೆ ಜಗ್ಗುತ್ತಾನೆ. ಆ ತುದಿ ಒಂದು ವಾರ ಬಾಳುತ್ತಿರಲಿಲ್ಲ. ಅವನಿಗೆ ಮೋಟು ಬಿದಿರನ್ನು ತೋರಿಸಿದಾಗ, "ಏನ್ ಟೀಚರಮ್ಮ, ಎಲ್ರಿಗೂ ಕೋಲು, ನಂಗ್ ಮಾತ್ರ ದೊಣ್ಣೆನಾ?" ಎಂದು ಮುಖ ಸಣ್ಣದು ಮಾಡಿದ. ಕೊರವನನ್ನು ಹಿಡಿಯಲು ಸಿಟ್ಟಿರುವವನೇ ಬೇಕು, ಊರಿನಲ್ಲಿ ಅಂಥ ಅರ್ಹತೆ ಅವನೊಬ್ಬನಿಗೇ ಇದೆಯೆಂದು ನಾನು ಹೇಳಿದ ಮೇಲೆ ಅವನ ಮೀಸೆ ತಾನಾಗಿ ಮೇಲೆದ್ದಿತು. ತೆಳು ಬಿದಿರು ರಾಮಲಕ್ಷ್ಮಮ್ಮನಿಗೆ. ಸಾರಿಗಾಗುವಷ್ಟು ಚಿಕ್ಕ ಮೀನು ಹಿಡಿದು ಮನೆಗೆ ಹೋಗುವ ಆಕೆಯ ಕೈ ಹೂ ಕಟ್ಟುವ ಕೈ. ಫೈಬರಿನದು ರಮೇಶ್‌ಬಾಬುವಿಗೆ, ಸ್ಕೂಟರಿನ ಮುಂಭಾಗದಲ್ಲಿ ಮಡಿಸಿಟ್ಟುಕೊಳ್ಳಲು. ಮೂವರಿಗೂ ಕೋಲಿಗಿಂತ ಮೊದಲು ಉಪದೇಶವನ್ನು ಕಟ್ಟಿಕೊಟ್ಟೆ. ಬಿದಿರನ್ನು ಗೋಡೆಗೊರಗಿಸಿ ನಿಲ್ಲಿಸಿದರೆ ಬೆನ್ನು ಬಾಗುತ್ತದೆ, ಆದ್ದರಿಂದ ಮೊಳೆಗಳ ಮೇಲೆ ಮಲಗಿಸಿಡಬೇಕು. ಸೊಟ್ಟಗಾದರೆ ಕೆಂಡದ ಮೇಲೆ ಹಿಡಿದು ಬೆಚ್ಚಗಿರುವಾಗಲೇ ನೆಟ್ಟಗೆ ಮಾಡಬೇಕು. ಫೈಬರ್ ಕೋಲನ್ನು ಒದ್ದೆಯಾಗಿಯೇ ಮಡಿಸಬಾರದು, ಸಂದಿಯಲ್ಲಿ ಒಂದು ಕಾಳು ಮರಳಿದ್ದರೂ ಅದು ಒಳಗೊಳಗೇ ತೇಯುತ್ತದೆ; ಬೆಂಕಿಯ ಬಳಿಗೆ ಮಾತ್ರ ಎಂದಿಗೂ ಒಯ್ಯಬಾರದು. ಈ ಕೊನೆಯ ಮಾತನ್ನು ಹೇಳುವಾಗ ಮೂವರೂ ಕಾರ್ಬನ್ ಕೋಲಿನ ಕಡೆಗೆ ನೋಡಿದರು. ಅದನ್ನೂ ಯಾರಾದರೂ ಒಯ್ಯಿರೆಂದು ನಾನು ಧರ್ಮಕ್ಕೆ ಒಂದೊಂದು ಸಲ ಎಲ್ಲರನ್ನೂ ಕೇಳಿದೆ. ಚೆನ್ನರಾಯಪ್ಪ ತಲೆಯಲ್ಲಾಡಿಸಿದ. ರಾಮಲಕ್ಷ್ಮಮ್ಮ, "ಇದು ಬಟ್ಟೆ ಒಣಗಾಕಕ್ಕೂ ಆಗಲ್ಲ ಕಣಮ್ಮ" ಎಂದಳು. ರಮೇಶ್‌ಬಾಬು, ಕಸದ ಗಾಡಿ ಬಂದಾಗ ಹಾಕಿಬಿಡಿ ಎಂದ.

ಅವರು ಹೋದ ಮೇಲೆ ನಾನು ಆ ಮೇಲಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಹಕ್ಕಿಯ ಮೂಳೆಯಷ್ಟು ಹಗುರ. ಅಲುಗಿಸಿದರೆ ತುದಿ ಮಾತನಾಡುವಂತೆ ನಡುಗುತ್ತಿತ್ತು. ಎಲ್ಲರೂ ಬೇಡವೆಂದು ಬಿಟ್ಟದ್ದು, ಕಸಕ್ಕೆ ಹೋಗಬೇಕಾದದ್ದು, ಇನ್ನು ಯಾರದು? ಎತ್ತಿಟ್ಟುಕೊಂಡವರದು. ಹೀಗೆಂದು ನಾನು ಶಾಸ್ತ್ರಾಧಾರವಾಗಿಯೇ ನಿರ್ಣಯಿಸಿ ಅದನ್ನು ಎತ್ತಿಟ್ಟುಕೊಂಡೆ. ಮರುದಿನ ರಮೇಶ್‌ಬಾಬುವಿನ ಸ್ಕೂಟರಿನ ಹಿಂದೆ ಕುಳಿತು ಚಿಕ್ಕಬಳ್ಳಾಪುರಕ್ಕೆ ಹೋದೆ. ಗಾಳದ ಸಾಮಾನಿನ ಅಂಗಡಿಯವನು ನನ್ನ ಬಿಳಿಯ ಕೂದಲನ್ನೂ ಕೊರಳ ತುಳಸಿಮಾಲೆಯನ್ನೂ ನೋಡಿ, "ಯಾರ್ಗಮ್ಮ, ಮೊಮ್ಮಗನ್ಗಾ?" ಎಂದು ಕೇಳಿದ. ನನಗೇ ಎಂದೆ. ಅವನು ಕುರ್ಚಿಯನ್ನು ಒರೆಸಿ ಕೊಟ್ಟ. ಕೈ ಮೇಲೆತ್ತಲಾಗದವರು ಎಸೆಯುವ ಕೋಲು ಯಾವುದಾದರೂ ಉಂಟೇ ಎಂದು ವಿಚಾರಿಸಿದೆ. ಅವನು ತೋರಿಸಿದ್ದೆಲ್ಲ ಒಂದೋ ಮಕ್ಕಳ ಆಟಿಕೆ, ಇಲ್ಲವೇ ಎರಡು ಕೈಗಳಿಂದ ತಲೆಯ ಮೇಲಿಂದ ಬೀಸುವ ಮಾರುದ್ದದ ಕೋಲು. ಆದರೂ ಅವನು ಒಳ್ಳೆಯವನು. ಹಗುರ ತುದಿಯ ಕೋಲಾದರೆ ಬೀಸಲೇಬೇಕಾಗಿಲ್ಲ, ಗಾಳದ ಮೇಲಿನ ಸೀಸದ ಗುಂಡನ್ನು ಎಡಗೈಯಲ್ಲಿ ಹಿಂದಕ್ಕೆಳೆದು ತುದಿಯನ್ನು ಬಿಲ್ಲಿನಂತೆ ಬಾಗಿಸಿ ಬಿಟ್ಟರೆ ಸಾಕು, ಅದೇ ಎಸೆಯುತ್ತದೆಂದು ಮಾಡಿ ತೋರಿಸಿದ. ಬಲಗೈ ಸೊಂಟದ ಮಟ್ಟವನ್ನು ಬಿಟ್ಟು ಏಳಲಿಲ್ಲ. ನಾನು ಅಂಗಡಿಯಲ್ಲಿಯೇ ಕೈಮುಗಿದೆ. ಅವನಿಗೋ, ದೇವರಿಗೋ ಎಂದು ರಮೇಶ್‌ಬಾಬು ದಾರಿಯುದ್ದಕ್ಕೂ ಕೇಳುತ್ತಾ ಬಂದ.

ನವರಾತ್ರಿಯ ಹಗಲುಗಳೆಲ್ಲ, ಪಾರಾಯಣ ಮುಗಿದ ಮೇಲೆ, ಜಗಲಿಯ ಮೇಲೆ ಇದೇ ಕೆಲಸ. ನನ್ನ ಪಾಲಿನ ಹುಳುಮನೆಯಲ್ಲಿ ರೇಷ್ಮೆಹುಳುವಿನ ತಟ್ಟೆಗಳನ್ನು ಹೊತ್ತು ಹೊತ್ತು ಹದಗೊಂಡ ಬಿದಿರು ಗಳವೊಂದಿತ್ತು. ಅದನ್ನು ಕೊಯ್ದು ಹಿಡಿ ಮಾಡಿದೆ. ಹಿಡಿ ಅಂಗೈಯಲ್ಲಿಯೇ ಮುಗಿಯದೆ ಮುಂಗೈಯ ಕೆಳಗೆ ಮೊಣಕೈಯವರೆಗೆ ಚಾಚಿ, ಬಟ್ಟೆಯ ಪಟ್ಟಿಯೊಂದರಿಂದ ತೋಳಿಗೆ ಅಂಟಿಕೊಂಡು ನಿಲ್ಲುವಂತೆ ಮಾಡಿದೆ. ಮೀನು ಎಳೆದರೆ ಭಾರ ಭುಜಕ್ಕೆ ಹೋಗದೆ ಮೊಣಕೈಯಲ್ಲಿಯೇ ನಿಲ್ಲಬೇಕು. ಬಿದಿರಿನ ಟೊಳ್ಳಿನಲ್ಲಿ ಕಾರ್ಬನ್ ತುಂಡನ್ನು ಕೂರಿಸಿ ಅಂಟು ಹಾಕಿದೆ. ರೀಲನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ನೀನು ಕೊಟ್ಟುಬಿಡೆಂದು ಹೇಳಿದ್ದು ಕೋಲುಗಳನ್ನು. ರೀಲಿನ ಮಾತೇ ನಿನ್ನ ಬಾಯಿಂದ ಬರಲಿಲ್ಲವೆಂಬುದನ್ನು ಇಲ್ಲಿ ಸ್ಮರಿಸಬೇಕು. ಉಂಗುರಗಳನ್ನು ಕಟ್ಟಲು ಅಂಗಡಿಯವನು ನೈಲಾನ್ ದಾರ ಕೊಟ್ಟಿದ್ದ, ಅದು ನನ್ನ ಬೆರಳಿಗೆ ಒಗ್ಗಲಿಲ್ಲ. ಶಿಡ್ಲಘಟ್ಟದ ಸೀಮೆಯಲ್ಲಿ ಹುಟ್ಟಿ ನೈಲಾನನ್ನೇಕೆ ಸುತ್ತಲಿ? ಎದುರುಮನೆಯವರ ರಾಟೆಯಿಂದ ಹಸಿ ರೇಷ್ಮೆಯ ಒಂದು ಎಳೆ ತಂದು, ಅರಿಸಿನದಲ್ಲಿ ಅದ್ದಿ, ಗಂಟು ಕಾಣದಂತೆ ಸುತ್ತಿನ ಪಕ್ಕ ಸುತ್ತನ್ನು ಕೂರಿಸಿ, ಪ್ರತಿಯೊಂದು ಉಂಗುರಕ್ಕೂ ಒಂದು ಅಷ್ಟೋತ್ತರ ಮುಗಿಯುವಷ್ಟು ಹೊತ್ತು ಸುತ್ತಿದೆ. ಮೇಲೆ ವಾರ್ನಿಷ್ ಬಳಿದು ನೆರಳಿನಲ್ಲಿ ಒಣಗಿಸಿದೆ. ಹಂಡೆ ಒಲೆಯ ಕಡೆಗೆ ಅದರ ಮುಖವನ್ನೂ ತಿರುಗಿಸಲಿಲ್ಲ.

ಆಯುಧಪೂಜೆಯ ದಿನ ಕೋಲುಗಳನ್ನೆಲ್ಲ ಕುಡುಗೋಲು, ಸನಿಕೆ, ನಿನ್ನ ಮೊಪೆಡ್ಡು, ನನ್ನ ಕನ್ನಡಕಗಳ ಪಕ್ಕದಲ್ಲಿಟ್ಟೆ. ಪ್ರಾಣಿಹಿಂಸೆಯ ಸಾಧನಗಳನ್ನು ತಾತಯ್ಯನವರ ಪಟದ ಮುಂದಿಡಬಹುದೇ ಎಂಬ ಸಂದೇಹ ಬಾರದಿರಲಿಲ್ಲ. ಭಗವಂತನು ಮೊಟ್ಟಮೊದಲು ತಾಳಿದ ರೂಪ ಮೀನೇ ಅಲ್ಲವೆ, ತನ್ನ ಕಡೆಯವರ ಸಮಾಚಾರವನ್ನು ಅವನೂ ಕೇಳಿಕೊಳ್ಳಲಿ ಎಂದು ಸಮಾಧಾನ ಮಾಡಿಕೊಂಡೆ. ಕುಂಕುಮದ ಪುಡಿ ಸಂದಿಯಲ್ಲಿ ಸೇರಬಾರದೆಂದು ಹಿಡಿಯ ಕೆಳತುದಿಗೆ ಗಂಧದ ಒಂದು ಬೊಟ್ಟು ಮಾತ್ರ ಇಟ್ಟೆ. ಮಂಗಳಾರತಿಯಾದ ಮೇಲೆ ಮೂವರಿಗೂ ತಾಂಬೂಲ ಸಮೇತ ಕೋಲುಗಳನ್ನು ಕೊಟ್ಟು ಕಳುಹಿಸಿದೆ. ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನಿನ್ನ ಕೋಲು ಒಂದೂ ಮನೆಯಲ್ಲಿರಲಿಲ್ಲ. ನಿನ್ನ ಮಾತು ನಡೆಯಿತು.

ನಿನ್ನೆ ವಿಜಯದಶಮಿ. ಹೊಸ ವಿದ್ಯೆಯನ್ನಾರಂಭಿಸುವ ದಿನವೆಂದು ನನ್ನ ಕೋಲನ್ನು ತೆಗೆದುಕೊಂಡು ಏರಿಗೆ ಹೋದೆ. ಗಾಳ ಕಟ್ಟಲು ನನ್ನ ವ್ರತ ಒಪ್ಪದು. ಅದರ ಬದಲು ದಾರದ ತುದಿಗೆ ಒಂದು ಗೋಟಡಿಕೆಯನ್ನು ಕಟ್ಟಿದ್ದೆ. ಬಲಗೈಯ ಮೊಣಕೈಯನ್ನು ಪಕ್ಕೆಗೆ ಸೇರಿಸಿ ಟವೆಲಿನಿಂದ ಸೊಂಟಕ್ಕೆ ಬಿಗಿಸಿಕೊಂಡು, ಅಡಿಕೆಯನ್ನು ಎಡಗೈಯಿಂದ ಎಳೆದು ಬಿಟ್ಟೆ. ಮೊದಲ ಸಲ ಅದು ನನ್ನ ಸೆರಗಿಗೇ ಸುತ್ತಿಕೊಂಡಿತು. ಎರಡನೆಯ ಸಲ ಹೋಗಿ ಚೆನ್ನರಾಯಪ್ಪನ ಬೆನ್ನಿಗೆ ಬಿತ್ತು. ಅವನು ಬೆನ್ನು ಸವರಿಕೊಂಡು, ನೆಲದ ಮೇಲಿನ ಅಡಿಕೆಯನ್ನು ನೋಡಿ, "ಎಲೆನೂ ಕಳ್ಸಿ ಟೀಚರಮ್ಮ" ಎಂದ. ಬಟ್ಟೆ ಒಗೆಯುತ್ತಿದ್ದವರೆಲ್ಲ ಕೆಲಸ ಬಿಟ್ಟು ನಕ್ಕರು. ಅದಾದ ಮೇಲೆ ಮಾತ್ರ ನನ್ನ ಎಡಗೈಗೆ ಹದ ತಿಳಿಯಿತು. ಅಡಿಕೆ ನೆಟ್ಟಗೆ ಹಾರಿ, ಜೊಂಡನ್ನು ದಾಟಿ, ತಿಳಿನೀರಿನಲ್ಲಿ ಟುಳುಕ್ಕೆಂದು ಬಿದ್ದಾಗ, ರಾಮಾಂಜಿನಪ್ಪ, ಆ ಸದ್ದನ್ನು ನೀನು ಕೇಳಬೇಕಾಗಿತ್ತು.

ಎಸೆಯುವುದಾಯಿತು, ಎಳೆಯುವುದು ಹೇಗೆ? ಅದಕ್ಕೆ ನಿಜವಾದ ಮೀನೇ ಸಾಕ್ಷಿ ಹೇಳಬೇಕು. ರಾಮಲಕ್ಷ್ಮಮ್ಮನನ್ನು ಬೇಡಿಕೊಂಡೆ. ಆಕೆಯ ಮೊಣಕೈಯನ್ನು ಕಟ್ಟಲು ಹೋದಾಗ, "ಯಾಕಮ್ಮ, ನಾನೇನ್ ಕಳ್ತನ ಮಾಡಿದ್ನಾ ಹಿಂಗ್ ಕಟ್ತೀಯ?" ಎಂದು ತೋಳನ್ನು ಕೊಟ್ಟಳು. ಗಾಳ ಕಟ್ಟಿ, ರಾಗಿಮುದ್ದೆಗೆ ಕಡಲೆಕಾಯಿ ಹಿಂಡಿ ಕಲಸಿದ ಎರೆಯನ್ನು ಸಿಕ್ಕಿಸಿ ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಬೆಂಡು ಓರೆಯಾಯಿತು, ಆಮೇಲೆ ಕಾಣಿಸಲೇ ಇಲ್ಲ. ರೀಲು ಕಿರ್ರೆಂದಿತು. ಕೋಲು ತುದಿಯಿಂದ ಹಿಡಿಯ ಬುಡದವರೆಗೂ ಬಾಗಿತು, ನನ್ನ ರೇಷ್ಮೆಯ ಸುತ್ತುಗಳು ಒಂದೂ ಅಲುಗಲಿಲ್ಲ. ಒಳ್ಳೆಯ ಗೆಂಡೆ ಮೀನು. ದೂರದಲ್ಲಿ ಬೆನ್ನು ಹೊರಳಿಸಿದಾಗ ಹಿತ್ತಾಳೆಯ ತಟ್ಟೆ ಹೊಳೆದಂತಾಯಿತು. ನನ್ನ ಕಣ್ಣೆಲ್ಲ ರಾಮಲಕ್ಷ್ಮಮ್ಮನ ಭುಜದ ಮೇಲಿತ್ತು. ಅದು ಏಳಲಿಲ್ಲ, ಜಗ್ಗಲಿಲ್ಲ. ಭಾರವೆಲ್ಲ ಮುಂಗೈಯ ಕೆಳಗಿನ ಬಿದಿರಿನಲ್ಲಿಯೇ ನಿಂತಿತ್ತು. ಅಷ್ಟರಲ್ಲಿ ಆಕೆ ಪಟ್ಟಿಯನ್ನು ಬಿಚ್ಚಿ, ನನ್ನ ತ್ರಾಣವನ್ನೂ ಕೇಳದೆ, ನನ್ನ ವ್ರತವನ್ನೂ ಕೇಳದೆ, ಕೋಲನ್ನು ನನ್ನ ತೋಳಿಗೆ ಸೇರಿಸಿಬಿಟ್ಟಳು. "ಹಿಡ್ಕಳಮ್ಮ ಒಂದ್ಗಳಿಗೆ. ನಿನ್ ತಮ್ಮುಂಗೆ ಏನ್ ಕಾಣಿಸ್ತಿತ್ತೋ ನಿಂಗೂ ಕಾಣಿಸ್ಲಿ" ಎಂದಳು.

ತಮ್ಮಾ, ಅದನ್ನು ಹೇಗೆ ಬರೆಯಲಿ? ಕಣ್ಣಿಗೆ ಕಾಣದ ನೀರಿನಾಳದಲ್ಲಿ ಒಂದು ಜೀವ ಆ ಕಡೆಗೆ ತಿರುಗಿದರೆ ನನ್ನ ಅಂಗೈಗೆ ತಿಳಿಯುತ್ತಿತ್ತು, ನಿಂತರೆ ತಿಳಿಯುತ್ತಿತ್ತು, ಅದು ಯೋಚಿಸುವುದೂ ತಿಳಿಯುತ್ತಿದ್ದಂತೆ ತೋರಿತು. ಕೆರೆಯಷ್ಟು ಅಗಲವಾದ ನೀರು ನನ್ನೊಬ್ಬಳ ಕೈಯನ್ನು ಹಿಡಿದುಕೊಂಡು ಮಾತನಾಡಿಸಿದಂತಾಯಿತು. ಧ್ಯಾನದಲ್ಲಿ ಕುಳಿತಾಗ ಎಂದೋ ಒಮ್ಮೆ ದೊರೆಯುವ ಏಕಾಗ್ರತೆ, ಏರಿಯ ಕಲ್ಲಿನ ಮೇಲೆ ಕೆಸರು ಮೆತ್ತಿದ ಕಾಲಿನಲ್ಲಿ ನಿಂತು ದೊರೆಯಿತೆಂದರೆ ಗುರುಗಳು ಕ್ಷಮಿಸಬೇಕು. ನಾನು ನಗುತ್ತಿದ್ದೆನಂತೆ, ಹಲ್ಲಿನ ಸೆಟ್ಟು ಕಾಣುವಷ್ಟು ನಗುತ್ತಿದ್ದೆನೆಂದು ಚೆನ್ನರಾಯಪ್ಪ ಊರಿಗೆಲ್ಲ ಸಾರಿದ್ದಾನೆ. ಮೀನು ದಡಕ್ಕೆ ಬಂದ ಮೇಲೆ ಅದನ್ನು ನನಗೆ ಭಿಕ್ಷೆಯಾಗಿ ಕೊಡೆಂದು ರಾಮಲಕ್ಷ್ಮಮ್ಮನನ್ನು ಕೇಳಿದೆ. ಆಕೆ ಅದರ ತೂಕವನ್ನು ಕಣ್ಣಿನಲ್ಲಿಯೇ ಅಳೆದು, ನಿಟ್ಟುಸಿರು ಬಿಟ್ಟು, ಬದಲಿಗೆ ಒಂದು ತಪ್ಪಲೆ ಪಾಯಸ ಬೇಕೆಂದು ಒಪ್ಪಂದ ಮಾಡಿಕೊಂಡಳು. ಗಾಳ ಬಿಡಿಸಿ ನೀರಿಗಿಳಿಸಿದೆವು. ಅದು ಒಂದು ಕ್ಷಣ ನಮ್ಮ ಕೈಗಳ ನಡುವೆಯೇ ನಿಂತಿದ್ದು, ಬಾಲ ಬೀಸಿ, ಇಬ್ಬರ ಮುಖಕ್ಕೂ ನೀರೆರಚಿ ಹೊರಟುಹೋಯಿತು.

ಮನೆಗೆ ಬಂದು ಕೋಲನ್ನು ಒದ್ದೆಬಟ್ಟೆಯಿಂದಲೂ ಒಣಬಟ್ಟೆಯಿಂದಲೂ ಒರೆಸಿ, ರೀಲಿನ ಬಿಗಿಯನ್ನು ಸಡಿಲಿಸಿ, ನಡುಮನೆಯ ಗೋಡೆಯ ಎರಡು ಮೊಳೆಗಳ ಮೇಲೆ ಮಲಗಿಸಿದ್ದೇನೆ. ಇದು ನಿನ್ನ ಕಣ್ಣಿಗೆ ಬೀಳಬಾರದೆಂದು ನೀನು ಹೇಳುವಂತಿಲ್ಲ. ನಿನ್ನ ಕೋಲುಗಳನ್ನೆಲ್ಲ ಕೊಟ್ಟಾಗಿದೆ. ಇದು ನನ್ನದು, ಕಸದಿಂದ ಎತ್ತಿ ನಾನೇ ಕಟ್ಟಿದ್ದು, ನನ್ನ ಮನೆಯ ಗೋಡೆಯ ಮೇಲಿರುವುದು. ಇದನ್ನು ಯಾರಿಗೆ ಬೇಕಾದರೂ ಕೊಡುವ ಸ್ವಾತಂತ್ರ್ಯ ನನ್ನದೇ.

ಶ್ಯಾಮಲಮ್ಮನಿಗೂ ಶೋಭಾರಾಣಿಗೂ ನನ್ನ ಪ್ರೀತಿಯನ್ನು ತಿಳಿಸು. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ತಾತಯ್ಯನವರು ನಿನ್ನ ಭುಜಕ್ಕೂ ಅದಕ್ಕಿಂತ ಮೊದಲು ನಿನ್ನ ಮನಸ್ಸಿಗೂ ಬಲ ಕೊಡಲಿ. ನೂರು ಮಳೆಗಾಲ ತುಂಬಿದ ಕೆರೆಯನ್ನು ನೋಡುವವನಾಗು.

ಸದಾ ನಿನ್ನ ಹಿತವನ್ನೇ ಬೇಡುವ ಅಕ್ಕ,
ಕದಿರಮ್ಮ

ಮರೆತಿದ್ದೆ, ರಮೇಶ್‌ಬಾಬು ಟಪಾಲು ಚೀಲ ಕಟ್ಟುವುದಕ್ಕೆ ಅವಸರಪಡಿಸುತ್ತಾ ಬಾಗಿಲಲ್ಲಿ ನಿಂತಿದ್ದಾನೆ. ನಿನ್ನ ವೈದ್ಯರನ್ನು ಶೋಭಾರಾಣಿಯಿಂದ ಕೇಳಿಸಿದ್ದೇನೆ. ಮೊಣಕೈ ಪಕ್ಕೆಯನ್ನು ಬಿಡದಂತೆ ಮಾಡುವ ಕೆಲಸವಾದರೆ ಧಾರಾಳವಾಗಿ ಮಾಡಬಹುದೆಂದರಂತೆ. ಮುಂದಿನ ಭಾನುವಾರ ಬೆಳಿಗ್ಗೆ ಇದೇ ರಮೇಶ್‌ಬಾಬು ಗೌರಿಬಿದನೂರಿನ ಮೇಲೆ ಹಿಂದೂಪುರಕ್ಕೆ ಕಾರು ತರುತ್ತಾನೆ. ಇಬ್ಬರೂ ಬಟ್ಟೆ ಕಟ್ಟಿಕೊಂಡಿರಿ. ಕೋಲು ನನ್ನದೆಂದು ಬರೆದೆನಲ್ಲ, ಹಿಡಿಯ ಅಳತೆ ಮಾತ್ರ ನನ್ನ ಕೈಯದಲ್ಲ. ನಿನ್ನ ಹಳೆಯ ತುಂಬುತೋಳಿನ ಅಂಗಿಯೊಂದು ಇಲ್ಲಿಯೇ ಉಳಿದಿತ್ತು. ಮೇಜಿಗೆ ಊರಿ ಊರಿ ಮೊಣಕೈಯ ಬಳಿ ಸವೆದ ಕಡೆಯಿಂದ ಮಣಿಕಟ್ಟಿನವರೆಗೆ ಅಳೆದು ಬಿದಿರನ್ನು ಕೊಯ್ದಿದ್ದೇನೆ. ನನಗೆ ಅದು ಮೂರು ಬೆರಳು ಉದ್ದ.